ಕಾಫಿ ಯಂತ್ರ ಉಡುಗೊರೆ ಕೊಡುವ ಮುನ್ನ ಆ ಮನೆಯ ಅಡುಗೆಮನೆ ನೋಡಿ ಬನ್ನಿ

ಗೃಹಪ್ರವೇಶ, ಷಷ್ಟ್ಯಬ್ದಿ, ನಿವೃತ್ತಿ, ಮದುವೆಯ ಬೆಳ್ಳಿಹಬ್ಬ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಇಂಥ ಸಂದರ್ಭ ಬಂದಾಗ ಈಗ ಮಕ್ಕಳು, ಅಳಿಯ, ಸೊಸೆ ಎಲ್ಲ ಸೇರಿ ಒಂದು ಮಾತು ಎತ್ತುತ್ತಾರೆ: "ಈ ಸಲ ಎಲ್ಲರೂ ಸೇರಿ ಒಂದು ಕಾಫಿ ಮೆಷಿನ್ ಕೊಡೋಣವೇ?" ಯೋಚನೆ ಒಳ್ಳೆಯದೇ. ದಿನಕ್ಕೆ ಎರಡು ಹೊತ್ತು ಬಳಕೆಯಾಗುವ ವಸ್ತು, ಕೊಟ್ಟವರ ನೆನಪೂ ದಿನಕ್ಕೆ ಎರಡು ಹೊತ್ತು ಆಗುತ್ತದೆ. ಆದರೆ ಮಾಲ್‌ಗೆ ಹೋಗಿ ಸಾಲಾಗಿಟ್ಟ ಯಂತ್ರಗಳಲ್ಲಿ ಹೊಳೆಯುವುದನ್ನು ಆರಿಸಿ ತಂದರೆ ಅದು ಆರು ತಿಂಗಳಲ್ಲಿ ಅಟ್ಟ ಸೇರುವ ಸಾಧ್ಯತೆಯೇ ಹೆಚ್ಚು. ನಮ್ಮ ಹೆಚ್ಚಿನ ಮನೆಗಳು ಕುಡಿಯುವುದು ಡಿಕಾಕ್ಷನ್ ಕಾಫಿ. ಅಂಗಡಿಯವರು ಉತ್ಸಾಹದಿಂದ ತೋರಿಸುವುದು ಎಸ್ಪ್ರೆಸ್ಸೊ ಯಂತ್ರ. ಈ ಎರಡರ ನಡುವಿನ ಅಂತರ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಉಡುಗೊರೆಯೂ ಸಾರ್ಥಕವಾಗುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ. ಆ ಮನೆಯಲ್ಲಿ ಕಾಫಿ ಮಾಡುವವರು ಯಾರು, ಎಷ್ಟು ಗಂಟೆಗೆ, ಎಷ್ಟು ಲೋಟ, ಆಮೇಲೆ ಪಾತ್ರೆ ತೊಳೆಯುವವರು ಯಾರು? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದಂತೆ.

ಕನ್ನಡದ ಮನೆ ಎಂದ ಮಾತ್ರಕ್ಕೆ ಕಾಫಿಯ ಮನೆ ಎಂದು ತಿಳಿಯುವಂತಿಲ್ಲ. ಉಡುಪಿ, ಮಂಗಳೂರು, ಮಲೆನಾಡು, ಮೈಸೂರು ಕಡೆಯಿಂದ ಬಂದವರ ಮನೆಯಲ್ಲಿ ಬೆಳಗು ಹರಿಯುವುದು ಫಿಲ್ಟರ್ ಕಾಫಿಯಿಂದ. ವಿಜಯಪುರ, ಕಲಬುರಗಿ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರ ಮನೆಯಲ್ಲಿ ಚಹಾದ್ದೇ ಕಾರುಬಾರು. ಮರಾಠಿ ಸೊಸೆ ಬಂದ ಮನೆಯಲ್ಲಿ ಎರಡೂ ಇರುತ್ತದೆ. ಕರಾವಳಿಯ ಕೆಲವು ಹಿರಿಯರು ಕಾಫಿ ಬಿಟ್ಟು ಕೊತ್ತಂಬರಿ–ಜೀರಿಗೆ ಕಷಾಯಕ್ಕೆ ಬಂದಿರುತ್ತಾರೆ. ಅಂಥವರಿಗೆ ಹಾಲು ಕಾಯಿಸಿ ನೊರೆ ಬರಿಸುವ ಚಿಕ್ಕ ವಿದ್ಯುತ್ ಜಗ್ ಕೊಟ್ಟರೆ ಕಷಾಯಕ್ಕೂ ಬಾದಾಮಿ ಹಾಲಿಗೂ ಬಳಕೆಯಾಗುತ್ತದೆ, ಕಾಫಿ ಯಂತ್ರದ ಗೊಡವೆಯೇ ಬೇಡ. ಫೋನ್ ಮಾಡಿ ಕೇಳಿದರೆ "ನಮಗೆ ಏನೂ ಬೇಡ ಮಾರಾಯ, ನೀವು ಬಂದರೆ ಸಾಕು" ಎಂಬ ಉತ್ತರ ಬರುತ್ತದೆ. ಆದ್ದರಿಂದ ಒಂದು ಭಾನುವಾರ ಸುಮ್ಮನೆ ಹೋಗಿ ಬನ್ನಿ. ಕಾಫಿ ಕೊಡುತ್ತಾರೆ. ಯಾವ ಪುಡಿ, ಎಷ್ಟು ಗಟ್ಟಿ, ಹಾಲು ಎಷ್ಟು, ಲೋಟ ಎಷ್ಟು ದೊಡ್ಡದು ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಅಡುಗೆಕಟ್ಟೆಯನ್ನೂ ಪ್ಲಗ್ ಇರುವ ಜಾಗವನ್ನೂ ಒಮ್ಮೆ ಕಣ್ಣಳತೆ ಮಾಡಿಕೊಳ್ಳಿ.

ಮುಂಬಯಿಗೂ ದಕ್ಷಿಣದ ಕಾಫಿಗೂ ನಂಟು ಹಳೆಯದು. ಕಾಫಿ ಸೆಸ್ ಸಮಿತಿಯವರು ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು 1936ರಲ್ಲಿ, ಬೊಂಬಾಯಿಯ ಚರ್ಚ್‌ಗೇಟ್‌ನಲ್ಲಿ. ಮಾಟುಂಗಾದಲ್ಲಿ 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದವು. ಉಡುಪಿ ಹೋಟೆಲುಗಳು ಸೆಂಟ್ರಲ್ ಮತ್ತು ಹಾರ್ಬರ್ ಲೈನಿನ ಉದ್ದಕ್ಕೂ ಹಬ್ಬಿದವು. ಮಾಟುಂಗಾ, ಚೆಂಬೂರಿನಿಂದ ದೊಡ್ಡ ಮನೆ ಹುಡುಕಿ ಡೊಂಬಿವಲಿ, ವಾಶಿ, ಖಾರ್‌ಘರ್‌ಗೆ ಬಂದವರು ನಾಲಗೆಯ ರುಚಿಯನ್ನು ಬಿಟ್ಟು ಬರಲಿಲ್ಲ. ಅವರಿಗೆ ಕಾಫಿ ಎಂದರೆ ಗಟ್ಟಿ ಡಿಕಾಕ್ಷನ್, ಕಾದ ಹಾಲು, ಎತ್ತಿ ಹೊಯ್ದ ನೊರೆ. ಯಾವ ಯಂತ್ರ ಕೊಟ್ಟರೂ ಅದು ಈ ಲೋಟದ ಎದುರು ನಿಲ್ಲಬೇಕು.

ಡಿಕಾಕ್ಷನ್ ಮನೆಗೆ ಡ್ರಿಪ್ ಯಂತ್ರ

ನನ್ನ ಮಾತು ನೇರವಾಗಿದೆ: ಅರುವತ್ತು ದಾಟಿದ ಅಪ್ಪ ಅಮ್ಮನಿಗೋ ಅತ್ತೆ ಮಾವನಿಗೋ ಕೊಡುವುದಾದರೆ ಸಾಧಾರಣ ಡ್ರಿಪ್ ಕಾಫಿ ಮೇಕರ್ ಕೊಡಿ. ಮೇಲೆ ನೀರಿನ ತೊಟ್ಟಿ, ನಡುವೆ ಪುಡಿಯ ಜಾಲರಿ, ಕೆಳಗೆ ಜಗ್, ಒಂದೇ ಗುಂಡಿ. ಪ್ರೀತಿ, ಫಿಲಿಪ್ಸ್, ಮಾರ್ಫಿ ರಿಚರ್ಡ್ಸ್ ಮುಂತಾದವರ ಇಂಥ ಯಂತ್ರಗಳು ಸುಮಾರು ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಒಳಗೆ ಸಿಗುತ್ತವೆ. ಹತ್ತು ಜನ ಸೇರಿ ಕೊಡುವ ಉಡುಗೊರೆಗೆ ಇದು ಸಣ್ಣದಾಯಿತೆಂದು ಅನಿಸಬಹುದು. ಉಳಿದ ದುಡ್ಡಿಗೆ ಏನು ಮಾಡಬಹುದೆಂದು ಮುಂದೆ ಹೇಳುತ್ತೇನೆ.

ಹಿರಿಯರಿಗೆ ಇದೇ ಏಕೆ? ಸ್ಟೀಲಿನ ಅಥವಾ ಹಿತ್ತಾಳೆಯ ಫಿಲ್ಟರ್ ಬಳಸಿದವರಿಗೆಲ್ಲ ಗೊತ್ತು, ಬಿಸಿ ನೀರು ಹೊಯ್ದ ಮೇಲೆ ಮೇಲಿನ ಪಾತ್ರೆ ಕೆಳಗಿನದಕ್ಕೆ ಕಚ್ಚಿಕೊಂಡು ಬಿಡುತ್ತದೆ. ಅದನ್ನು ತಿರುಚಿ ತೆಗೆಯಲು ಮಣಿಕಟ್ಟಿನಲ್ಲಿ ಬಲ ಬೇಕು. ಬೆರಳ ಗಂಟು ನೋಯುವ ಅಮ್ಮನಿಗೆ ದಿನವೂ ಅದೊಂದು ಹೋರಾಟ. ಕುದಿಯುವ ನೀರನ್ನು ಎತ್ತಿ ಕಿರಿದಾದ ಬಾಯಿಗೆ ಹೊಯ್ಯುವುದೂ ನಡುಗುವ ಕೈಗೆ ಅಪಾಯ. ಡ್ರಿಪ್ ಯಂತ್ರದಲ್ಲಿ ಈ ಎರಡೂ ಇಲ್ಲ. ತಣ್ಣೀರು ಹಾಕು, ಪುಡಿ ಹಾಕು, ಗುಂಡಿ ಒತ್ತು, ಹತ್ತು ನಿಮಿಷದೊಳಗೆ ಡಿಕಾಕ್ಷನ್ ಇಳಿದಿರುತ್ತದೆ. ಎಸ್ಪ್ರೆಸ್ಸೊ ಯಂತ್ರ ಇಲ್ಲಿ ತಿರುಗಿ ಅದೇ ಕಷ್ಟಕ್ಕೆ ನೂಕುತ್ತದೆ, ಏಕೆಂದರೆ ಅದರ ಹಿಡಿಯನ್ನು ಪ್ರತಿಸಲ ಒತ್ತಿ ತಿರುವಿ ಕೂರಿಸಬೇಕು.

"ಡ್ರಿಪ್ ಕಾಫಿ ನೀರುನೀರು" ಎಂಬ ದೂರು ಬರುತ್ತದೆ. ಅದು ಯಂತ್ರದ ದೋಷವಲ್ಲ, ಅಳತೆಯದ್ದು. ಈ ಯಂತ್ರಗಳನ್ನು ರೂಪಿಸಿದ್ದು ಒಂದು ಲೀಟರ್ ನೀರಿಗೆ ಅರುವತ್ತು ಗ್ರಾಂ ಪುಡಿ ಹಾಕಿ ಹಾಲಿಲ್ಲದೆ ಕುಡಿಯುವವರಿಗಾಗಿ. ಜಗ್ಗಿನ ಮೇಲೆ ಬರೆದಿರುವ ಕಪ್ಪಿನ ಗೆರೆಗಳೂ ಅವರದ್ದೇ ಲೆಕ್ಕ. ನಮಗೆ ಆ ಗೆರೆಗಳು ಬೇಡ. ನಾಲ್ಕು ಲೋಟಕ್ಕೆ 40 ಗ್ರಾಂ ಪುಡಿ, 250 ಮಿಲಿಲೀಟರ್ ನೀರು ಎಂದಿಟ್ಟುಕೊಳ್ಳಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಕೊಂಡು ಉಳಿಸಿಕೊಳ್ಳುತ್ತದೆ. ಅಲ್ಲಿಗೆ ಕೈಗೆ ಸಿಗುವುದು 170 ಮಿಲಿಲೀಟರ್ ಆಸುಪಾಸಿನ ಡಿಕಾಕ್ಷನ್. ಲೋಟಕ್ಕೆ 40 ಮಿಲಿಲೀಟರ್ ಡಿಕಾಕ್ಷನ್, ನೂರು ಮಿಲಿಲೀಟರ್ ಹಾಲು ಹಾಕಿದರೆ ಊರಿನ ಕಾಫಿಯ ಹತ್ತಿರ ಬರುತ್ತದೆ. ತೀರಾ ನುಣ್ಣಗಿನ ಪುಡಿ ಹಾಕಿದರೆ ಜಾಲರಿ ಕಟ್ಟಿಕೊಂಡು ನೀರು ಮೇಲುಕ್ಕಿ ಗಷ್ಟು ಜಗ್ಗಿಗೆ ಇಳಿಯುತ್ತದೆ. ಆದ್ದರಿಂದ ಜಾಲರಿಯ ಬುಟ್ಟಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು.

ಕೊಳ್ಳುವಾಗ ನೋಡಬೇಕಾದ್ದು ಕೆಲವೇ ಸಂಗತಿ. ಜಾಲರಿ ತೊಳೆದು ಮತ್ತೆ ಬಳಸುವಂಥದ್ದಿರಲಿ. ಕಾಗದದ ಫಿಲ್ಟರನ್ನೇ ನೆಚ್ಚಿಕೊಂಡ ಯಂತ್ರಕ್ಕೆ ಡೊಂಬಿವಲಿಯ ಕಿರಾಣಿ ಅಂಗಡಿಯಲ್ಲಿ ಕಾಗದ ಸಿಗುವುದಿಲ್ಲ. ಗಾಜಿನ ಜಗ್ ಒಡೆದರೆ ಬೇರೆ ಸಿಗುತ್ತದೆಯೇ, ಎಷ್ಟು ಬೆಲೆ ಎಂದು ಅಂಗಡಿಯಲ್ಲೇ ಕೇಳಿ. ಇಂಥ ಯಂತ್ರ ಮೂಲೆ ಸೇರಲು ಮೊದಲ ಕಾರಣ ಒಡೆದ ಜಗ್. ಕೆಳಗಿನ ಬಿಸಿ ತಟ್ಟೆಯ ಮೇಲೆ ಡಿಕಾಕ್ಷನ್ ಬಹಳ ಹೊತ್ತು ಕೂತರೆ ಕಹಿಯಾಗುತ್ತದೆ. ಇಳಿದ ಕೂಡಲೇ ಚಿಕ್ಕ ಥರ್ಮಾಸಿಗೆ ಹಾಕಿಡುವುದು ಒಳ್ಳೆಯದು. ನಸುಕಿನ ಲೋಕಲ್ ಹಿಡಿಯುವವರ ಮನೆಯಾದರೆ ಟೈಮರ್ ಇರುವ ಮಾದರಿ ಹುಡುಕಿ. ರಾತ್ರಿಯೇ ನೀರು, ಪುಡಿ ಹಾಕಿಟ್ಟರೆ ಐದು ಗಂಟೆಗೆ ತಾನಾಗಿ ಶುರುವಾಗುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದ ಮೊಮ್ಮಗು ಏಳುವಷ್ಟು ಸದ್ದೂ ಇದಕ್ಕಿಲ್ಲ.

ಒಂದು ಎಚ್ಚರಿಕೆಯನ್ನು ಕೊಡುವಾಗಲೇ ಹೇಳಬೇಕು: ನೀರಿನ ತೊಟ್ಟಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು. "ಎರಡೂ ಒಟ್ಟಿಗೆ ಆಗಲಿ" ಎಂದು ಹಾಲು ಸುರಿದರೆ ಒಳಗಿನ ಕೊಳವೆಯಲ್ಲಿ ಹಾಲು ಸೀದು ಯಂತ್ರ ಅಲ್ಲಿಗೇ ಮುಗಿಯಿತು. ಹಾಲಿಗೆ ಒಲೆಯೇ ಗತಿ.

ಸಾಂಪ್ರದಾಯಿಕ ಫಿಲ್ಟರನ್ನೇ ಚೆನ್ನಾದ ಉಡುಗೊರೆಯಾಗಿ ಕೊಡುವುದೂ ಒಂದು ದಾರಿ. ಹಿತ್ತಾಳೆಯ ಫಿಲ್ಟರ್, ಲೋಟ–ಬಟ್ಟಲು ಜೋಡಿ ನೋಡಲು ಬಲು ಚೆಂದ. ಆದರೆ ಒಳಗೆ ಕಲಾಯಿ ಇರಲೇಬೇಕು, ಸವೆದಾಗ ಮತ್ತೆ ಹಾಕಿಸಬೇಕು. ಕಲಾಯಿಯವರನ್ನು ನಮ್ಮ ಉಪನಗರಗಳಲ್ಲಿ ಹುಡುಕುವುದು ಸುಲಭವಲ್ಲ. ದಿನಬಳಕೆಗೆ ದಪ್ಪ ಸ್ಟೀಲಿನದ್ದು ವಾಸಿ. ಯಂತ್ರ ಕೊಟ್ಟರೂ ಜೊತೆಗೊಂದು ಸ್ಟೀಲ್ ಫಿಲ್ಟರ್ ಇದ್ದರೆ ಮಳೆಗಾಲದಲ್ಲಿ ಕರೆಂಟು ಹೋದ ದಿನ ಕಾಫಿ ತಪ್ಪುವುದಿಲ್ಲ.

ಬಾರ್ ಲೆಕ್ಕದ ಮೋಡಿ

ಎಳೆಯರಿಗೆ, ಐರೋಲಿಯ ಐಟಿ ಪಾರ್ಕಿಗೋ ಥಾಣೆಯ ಕಚೇರಿಗೋ ಹೋಗಿಬರುವ ದಂಪತಿಗೆ, ಹೊರಗೆ ಕ್ಯಾಪುಚಿನೊ ಕುಡಿದು ರುಚಿ ಹತ್ತಿದವರಿಗೆ ಎಸ್ಪ್ರೆಸ್ಸೊ ಯಂತ್ರ ಒಪ್ಪುತ್ತದೆ. ಇಲ್ಲಿ ಅಂಗಡಿಯವರು ಮೊದಲು ಹೇಳುವುದು "15 ಬಾರ್", "20 ಬಾರ್". ಬಾರ್ ಎಂದರೆ ಒತ್ತಡದ ಅಳತೆ. ಎಸ್ಪ್ರೆಸ್ಸೊಗೆ ಪುಡಿಯ ಮೇಲೆ ಬೀಳಬೇಕಾದ ಒತ್ತಡ ಸುಮಾರು 9 ಬಾರ್. ಪೆಟ್ಟಿಗೆಯ ಮೇಲಿನ 15 ಅಥವಾ 20 ಪಂಪಿನ ಗರಿಷ್ಠ ಶಕ್ತಿ ಮಾತ್ರ. ಇಪ್ಪತ್ತು ಬರೆದಿದ್ದ ಮಾತ್ರಕ್ಕೆ ಹದಿನೈದರದ್ದಕ್ಕಿಂತ ಕಾಫಿ ಚೆನ್ನಾಗಿ ಬರುವುದಿಲ್ಲ. ನೀರಿನ ಶಾಖ 90 ಡಿಗ್ರಿ ಸೆಲ್ಸಿಯಸ್ ದಾಟಿ ಸ್ಥಿರವಾಗಿ ನಿಲ್ಲುತ್ತದೆಯೇ ಎಂಬುದೇ ಮುಖ್ಯ.

ನಾಲ್ಕೈದು ಸಾವಿರಕ್ಕೆ ಎಸ್ಪ್ರೆಸ್ಸೊ ಮೇಕರ್ ಎಂದು ಮಾರುವ 800 ವ್ಯಾಟಿನ, 5 ಬಾರಿನ ಯಂತ್ರಗಳು ಬೇರೆಯೇ ಜಾತಿ. ಅವುಗಳಲ್ಲಿ ಪಂಪಿಲ್ಲ. ಮುಚ್ಚಿದ ಪುಟ್ಟ ಬಾಯ್ಲರಿನಲ್ಲಿ ನೀರು ಕುದಿದು ಆವಿಯ ಒತ್ತಡದಿಂದ ಪುಡಿಯೊಳಗೆ ನುಗ್ಗುತ್ತದೆ. ನೀರು ಬಲು ಬಿಸಿಯಾಗಿರುವುದರಿಂದ ಕಾಫಿ ಸ್ವಲ್ಪ ಕಹಿ, ಸ್ವಲ್ಪ ಸೀದ ವಾಸನೆ. ಆದರೂ ನಾನು ಇವುಗಳನ್ನು ತಳ್ಳಿಹಾಕುವುದಿಲ್ಲ. ನಾಲ್ಕು ಜನರಿಗೆ ಒಂದೇ ಸಲ ಗಟ್ಟಿ ಕಾಫಿ ಇಳಿಯುತ್ತದೆ, ಹಾಲು–ಸಕ್ಕರೆಯ ಜೊತೆ ಆ ಕಹಿ ಹೊಂದಿಕೊಳ್ಳುತ್ತದೆ. ಆದರೆ ಒಳಗಿನ ಆವಿ ಪೂರ್ತಿ ಹೊರಹೋಗುವ ಮೊದಲು ಮುಚ್ಚಳ ತಿರುಗಿಸಬಾರದು, ಬಿಸಿನೀರು ಚಿಮ್ಮಿ ಕೈ ಸುಡುತ್ತದೆ. ಮರೆವಿನ ವಯಸ್ಸಿನವರಿಗೂ ಚಿಕ್ಕ ಮಕ್ಕಳಿರುವ ಮನೆಗೂ ಇದು ಬೇಡ.

ಪಂಪಿರುವ ಯಂತ್ರಗಳಲ್ಲಿ ಡಿಲೊಂಗಿಯ ಡೆಡಿಕಾದಂಥ ಸಪೂರ ಮಾದರಿಗಳು ನಮ್ಮ ಕಟ್ಟೆಗೆ ಹೊಂದುತ್ತವೆ, ಅದರ ಅಗಲ 15 ಸೆಂಟಿಮೀಟರ್ ಮಾತ್ರ. ಈ ಬಗೆಯ ಯಂತ್ರ ಕೊಳ್ಳುವಾಗ ಪುಡಿ ತುಂಬುವ ಬುಟ್ಟಿಯನ್ನು ತೆಗೆಸಿ ನೋಡಿ. ಎರಡು ಪದರದ ತಳವಿದ್ದು ಒಂದೇ ಸಣ್ಣ ತೂತಿದ್ದರೆ ಅಂಗಡಿಯ ಮಾಮೂಲಿ ಪುಡಿಯಲ್ಲೂ ನೊರೆ ಬರುತ್ತದೆ. ಒಂದೇ ಪದರದಲ್ಲಿ ತುಂಬಾ ತೂತುಗಳಿದ್ದರೆ ಆಗಷ್ಟೇ ಬೀಸಿಕೊಂಡ, ತಕ್ಕ ಹದದ ನುಣ್ಣನೆ ಪುಡಿ ಬೇಕು. ಎಂದರೆ ಗ್ರೈಂಡರಿನ ಖರ್ಚು ಬೇರೆ. ಮೊದಲ ಸಲ ಬಳಸುವವರಿಗೆ ಎರಡು ಪದರದ ಬುಟ್ಟಿಯೇ ನೆಮ್ಮದಿ. ಎರಡೂ ಇರುವ ಮಾದರಿ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ, ಕಲಿಯುತ್ತ ಹೋಗಬಹುದು.

ಹಾಲಿಗೆ ನೊರೆ ಬರಿಸುವ ಆವಿಯ ಕೊಳವೆಯ ವಿಷಯಕ್ಕೆ ಬಂದರೆ, ಬಳಸಿದ ಕ್ಷಣವೇ ಒದ್ದೆ ಬಟ್ಟೆಯಿಂದ ಒರೆಸಿ ಒಮ್ಮೆ ಆವಿ ಬಿಡಬೇಕು. ತಡಮಾಡಿದರೆ ಹಾಲು ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಇದನ್ನು ದಿನವೂ ಮಾಡುವವರಿದ್ದಾರೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಕೆಲಸದ ಬಾಯಿಯ ಕೈಗೆ ಬಿಟ್ಟರೆ ಅವರು ಯಂತ್ರದ ಬಿಡಿಭಾಗಗಳನ್ನೂ ಬಾಣಲೆಯ ಜೊತೆಗೇ ಉಜ್ಜುತ್ತಾರೆ, ಅದು ಅವರ ತಪ್ಪಲ್ಲ, ಯಾರೂ ತೋರಿಸಿಕೊಟ್ಟಿರುವುದಿಲ್ಲ.

ಬೀಜ ಹಾಕಿದರೆ ತಾನೇ ಬೀಸಿ ಕಾಫಿ ಇಳಿಸುವ ಪೂರ್ಣ ಸ್ವಯಂಚಾಲಿತ ಯಂತ್ರಗಳು ದುಬಾರಿ, ಭಾರ, ಸದ್ದು ಬೇರೆ. ಇವಕ್ಕೆ ಚಿಕೋರಿ ಬೆರೆಸಿದ ಪುಡಿ ಆಗುವುದಿಲ್ಲ, ಬೀಜದ ಕಾಫಿಯನ್ನೇ ಕುಡಿಯಲು ಆ ಮನೆ ಸಿದ್ಧವಿರಬೇಕು. ದೊಡ್ಡ ಮನೆ, ಹೊತ್ತುಹೊತ್ತಿಗೆ ಬಂದುಹೋಗುವ ಜನ, ಖರ್ಚಿಗೆ ಹಿಂಜರಿಯದ ಬಳಗ ಇದ್ದರೆ ಮಾತ್ರ ಯೋಚಿಸಿ.

ಕ್ಯಾಪ್ಸೂಲ್ ಯಂತ್ರದ ಬಗ್ಗೆ ಒಂದು ಲೆಕ್ಕ ಸಾಕು. ಒಂದು ಕ್ಯಾಪ್ಸೂಲಿನಲ್ಲಿರುವುದು ಸುಮಾರು 5 ಗ್ರಾಂ ಪುಡಿ. ಇಬ್ಬರು ದಿನಕ್ಕೆ ಎರಡು ಹೊತ್ತು ಕುಡಿದರೆ ತಿಂಗಳಿಗೆ 120 ಕ್ಯಾಪ್ಸೂಲ್. ಹಾಲು ಹಾಕುವ ನಮ್ಮ ಲೋಟಕ್ಕೆ ಒಂದು ಸಾಲದೆ ಎರಡು ಹಾಕಿದರೆ 240. ಅದೇ ಇಬ್ಬರಿಗೆ ಫಿಲ್ಟರ್ ಪುಡಿ ಒಂದೂಕಾಲು ಕಿಲೋ ಸಾಕು. ಯಂತ್ರ ನಿಮ್ಮ ಉಡುಗೊರೆ, ಕ್ಯಾಪ್ಸೂಲಿನ ಖರ್ಚು ತಿಂಗಳು ತಿಂಗಳು ಅವರ ತಲೆಗೆ. ಅಪರೂಪಕ್ಕೆ ಒಂದು ಕಪ್ ಕುಡಿಯುವ ಒಂಟಿ ವ್ಯಕ್ತಿಗಾದರೆ ಸರಿ.

ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ, ಘನ್ಸೋಲಿಯಲ್ಲೋ ಕೋಪರ್‌ಖೈರಣೆಯಲ್ಲೋ ಪಿಜಿಯಲ್ಲಿ ಇರುವ ತಂಗಿಗೆ, ವಿದ್ಯುತ್ತೇ ಬೇಡದ ಸಾಧನಗಳಿವೆ. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನಲ್ಲಿ 1933ರಲ್ಲಿ ಬಂದ ಮೋಕಾ ಪಾಟ್ ಗ್ಯಾಸಿನ ಮೇಲೆ ಐದು ನಿಮಿಷದಲ್ಲಿ ನಮ್ಮ ಡಿಕಾಕ್ಷನ್ನಿಗೆ ತೀರಾ ಹತ್ತಿರದ ಗಟ್ಟಿ ಕಾಫಿ ಕೊಡುತ್ತದೆ. ಅಲ್ಯುಮಿನಿಯಮ್ಮಿನದ್ದು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಪಿಜಿಯಲ್ಲಿ ಇಂಡಕ್ಷನ್ ಇದ್ದರೆ ಅದಕ್ಕೆ ಹೊಂದುವ ಸ್ಟೀಲಿನದ್ದನ್ನೇ ಕೇಳಿ ತನ್ನಿ. 2005ರಲ್ಲಿ ಅಮೆರಿಕದ ಅಲನ್ ಆಡ್ಲರ್ ಹೊರತಂದ ಏರೋಪ್ರೆಸ್ ಬ್ಯಾಗಿನಲ್ಲಿ ಹಿಡಿಯುತ್ತದೆ, ತೊಳೆಯುವುದು ಅರೆ ನಿಮಿಷದ ಕೆಲಸ.

ಪ್ಲಗ್, ಕಟ್ಟೆ, ನೀರು

ವಿದ್ಯುತ್ ಬಿಲ್ಲಿನ ಚಿಂತೆ ಬೇಡ. 1350 ವ್ಯಾಟಿನ ಯಂತ್ರ ಐದು ನಿಮಿಷ ಓಡಿದರೆ ಒಂದು ಯೂನಿಟ್ಟಿನ ಒಂಬತ್ತನೆಯ ಒಂದು ಭಾಗ ಅಷ್ಟೆ. ಚಿಂತಿಸಬೇಕಾದ್ದು ಪ್ಲಗ್ ಪಾಯಿಂಟಿನ ಬಗ್ಗೆ. ಸಾಧಾರಣ 6 ಆಂಪಿಯರ್ ಪಾಯಿಂಟ್ 230 ವೋಲ್ಟಿನಲ್ಲಿ ತಾಳುವುದು 1380 ವ್ಯಾಟ್. ಡ್ರಿಪ್ ಯಂತ್ರವೂ 800 ವ್ಯಾಟಿನ ಆವಿ ಯಂತ್ರವೂ ಅಲ್ಲಿ ನಡೆಯುತ್ತವೆ. ಅದಕ್ಕಿಂತ ದೊಡ್ಡದಕ್ಕೆ 16 ಆಂಪಿಯರಿನ ಪವರ್ ಪಾಯಿಂಟ್ ಬೇಕು. ಡೊಂಬಿವಲಿ, ಕಲ್ಯಾಣದ ಹಳೆಯ ಬಿಲ್ಡಿಂಗುಗಳ ಅಡುಗೆಮನೆಯಲ್ಲಿ ಅಂಥದ್ದು ಒಂದೇ ಇರುತ್ತದೆ, ಅದನ್ನು ಮೈಕ್ರೊವೇವೋ ಗೀಸರೋ ಹಿಡಿದಿರುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿಗೆ ಮಿಕ್ಸಿ, ಕೆಟಲ್, ಕಾಫಿ ಯಂತ್ರ ಮೂರನ್ನೂ ಚುಚ್ಚುವುದು ಬೆಂಕಿಗೆ ದಾರಿ. ಯಂತ್ರದ ಜೊತೆಗೆ ಎಲೆಕ್ಟ್ರಿಶಿಯನ್ನರನ್ನು ಕರೆಸಿ ಒಂದು ಪವರ್ ಪಾಯಿಂಟ್ ಹಾಕಿಸಿಕೊಟ್ಟರೆ ಆ ಉಡುಗೊರೆಗೆ ಎರಡು ಪಟ್ಟು ಬೆಲೆ.

ಅಮೆರಿಕದಿಂದ ಮಗ ಬರುವಾಗ ತರುತ್ತಾನೆ ಎಂಬ ಆಸೆಗೂ ಇಲ್ಲೇ ಕಡಿವಾಣ ಹಾಕಬೇಕು. ಅಲ್ಲಿನ ಯಂತ್ರಗಳು 120 ವೋಲ್ಟಿನವು. ನಮ್ಮ 230ಕ್ಕೆ ನೇರ ಚುಚ್ಚಿದರೆ ಕಾಯಿಸುವ ತಂತಿ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಕಕ್ಕಿ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದಾದರೂ ಆ ಭಾರದ ಪೆಟ್ಟಿಗೆಗೆ ಅಡುಗೆಕಟ್ಟೆಯಲ್ಲಿ ಜಾಗವೆಲ್ಲಿ? ದುಬೈನಿಂದ ತಂದದ್ದಕ್ಕೆ ವೋಲ್ಟೇಜಿನ ತೊಂದರೆ ಇಲ್ಲ, ಪ್ಲಗ್ ಬದಲಿಸಬೇಕು ಅಷ್ಟೆ. ಆದರೆ ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುವುದು ಅಪರೂಪ.

ಕಟ್ಟೆಯ ಅಳತೆ ತೆಗೆಯುವಾಗ ಎತ್ತರ ಮರೆಯಬೇಡಿ. ಮೇಲಿನ ಕಪಾಟಿನ ಕೆಳಗೆ ಯಂತ್ರವಿಟ್ಟರೆ ನೀರಿನ ತೊಟ್ಟಿಯ ಮುಚ್ಚಳ ತೆರೆಯಲು ಜಾಗ ಉಳಿಯಬೇಕು, ಏಳುವ ಹಬೆಯಿಂದ ಪ್ಲೈವುಡ್ ಉಬ್ಬಬಾರದು.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ನವಿಮುಂಬಯಿ ಪಾಲಿಕೆಯದ್ದು ಮೋರ್ಬೆ ಅಣೆಕಟ್ಟಿನ ನೀರು, ಕಲ್ಯಾಣ–ಡೊಂಬಿವಲಿಯದ್ದು ಉಲ್ಹಾಸ್ ನದಿಯದ್ದು. ಮಳೆಯಿಂದ ತುಂಬಿದ ಈ ನೀರಿನಲ್ಲಿ ಸುಣ್ಣದ ಅಂಶ ಕೊಳವೆಬಾವಿಯ ನೀರಿನಷ್ಟು ಇರುವುದಿಲ್ಲ. ಆದರೆ ಘೋಡ್‌ಬಂದರ್ ರಸ್ತೆಯ ಕೆಲವು ಸೊಸೈಟಿಗಳಂತೆ ಟ್ಯಾಂಕರನ್ನು ನೆಚ್ಚಿಕೊಂಡ ಕಡೆ ನೀರು ಗಡಸಾಗಿರಬಹುದು. ಸ್ನಾನದ ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತಿದ್ದರೆ ಕಾಫಿ ಯಂತ್ರದೊಳಗೂ ಅದೇ ಕಟ್ಟುತ್ತದೆ. ಅಂಥ ಮನೆಯಲ್ಲಿ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಹಾಕಬೇಕು. ಎರಡು ಮೂರು ತಿಂಗಳಿಗೊಮ್ಮೆ ತೊಟ್ಟಿಯ ನೀರಿಗೆ ಒಂದೆರಡು ಚಮಚ ನಿಂಬೆ ಉಪ್ಪು ಕರಗಿಸಿ ಓಡಿಸಿ, ಆಮೇಲೆ ಬರೀ ನೀರನ್ನು ಎರಡು ಸಲ ಓಡಿಸಿದರೆ ಪೊರೆ ಹೋಗುತ್ತದೆ. ಯಂತ್ರದ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಿ.

ಹಾಲಿನಿಂದಲೂ ಕಾಫಿ ಬದಲಾಗುತ್ತದೆ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಎಂದರೆ ಕೊಬ್ಬು ಶೇ 3, ಫುಲ್ ಕ್ರೀಮ್ ಎಂದರೆ ಶೇ 6. ಗಟ್ಟಿ ಹಾಲಿಗೆ ಡಿಕಾಕ್ಷನ್ ಹೆಚ್ಚು ಬೇಕು, ಇಲ್ಲವಾದರೆ ಕಾಫಿಯ ರುಚಿ ಮುಳುಗುತ್ತದೆ.

ಅಂಗಡಿಯಲ್ಲಿ, ಪಿನ್ ಕೋಡ್ ಹಿಡಿದು

ಸರ್ವಿಸ್ ವಿಷಯದಲ್ಲಿ ನಮ್ಮ ಊರುಗಳಿಗೆ ಒಂದು ವಿಶೇಷ ತೊಡಕಿದೆ. "ಮುಂಬಯಿಯಲ್ಲಿ ಸರ್ವಿಸ್ ಇದೆ" ಎಂದರೆ ಡೊಂಬಿವಲಿಯಲ್ಲಿ ಇದೆ ಎಂದರ್ಥವಲ್ಲ. ಥಾಣೆ, ವಾಶಿಯ ಪಿನ್ ಕೋಡ್ 400ರಿಂದ ಶುರು, ಖಾರ್‌ಘರ್, ಪನ್ವೇಲಿನದ್ದು 410ರಿಂದ, ಕಲ್ಯಾಣ–ಡೊಂಬಿವಲಿಯದ್ದು 421ರಿಂದ. ಆದ್ದರಿಂದ ಊರ ಹೆಸರು ಹೇಳಿ ಕೇಳಬೇಡಿ, ಡೊಂಬಿವಲಿ ಪೂರ್ವಕ್ಕೆ 421201, ಕಲ್ಯಾಣಕ್ಕೆ 421301, ವಾಶಿಗೆ 400703 ಎಂದು ಪಿನ್ ಕೋಡ್ ಹೇಳಿ ಕಂಪನಿಯ ಸಹಾಯವಾಣಿಯಲ್ಲೇ ವಿಚಾರಿಸಿ. ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ ಅಥವಾ ಯಂತ್ರವನ್ನು ಹೊತ್ತು ಕೇಂದ್ರಕ್ಕೆ ಹೋಗಬೇಕೇ ಎಂಬುದೂ ತಿಳಿಯಲಿ. ಎಪ್ಪತ್ತರ ಮಾವ ಒಂದು ಯಂತ್ರ ಹಿಡಿದು ಲೋಕಲ್ ಹತ್ತುವ ಪರಿಸ್ಥಿತಿ ಬರಬಾರದು. ಎರಡು ಯಂತ್ರಗಳಲ್ಲಿ ಒಂದು ತುಸು ಸಾಧಾರಣ, ಆದರೆ ಅವರ ಬೀದಿಯಲ್ಲೇ ಸರ್ವಿಸ್ ಇದೆ ಎಂದಾದರೆ ನಾನು ಅದನ್ನೇ ಆರಿಸುತ್ತೇನೆ.

ಥಾಣೆ, ವಾಶಿ, ಸೀವುಡ್ಸ್‌ನ ಮಾಲುಗಳಲ್ಲಿ, ಕಲ್ಯಾಣ, ಡೊಂಬಿವಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಯಂತ್ರ ತೋರಿಸುತ್ತಾರೆ. ನೀರು ಹಾಕಿ ಓಡಿಸಿ ತೋರಿಸಲು ಕೇಳಿ. ಸದ್ದು, ಹಿಡಿಯ ಬಿಗಿ, ಮುಚ್ಚಳದ ಜಾಡು ಕೈಯಲ್ಲಿ ಮುಟ್ಟಿದರೇ ಗೊತ್ತಾಗುವುದು. ಆನ್‌ಲೈನಿನಲ್ಲಿ ತರಿಸುವುದಾದರೆ ಸಮಾರಂಭಕ್ಕೆ ಎರಡು ತಿಂಗಳು ಮುಂಚೆ ತರಿಸಿಡಬೇಡಿ. ವಾರಂಟಿ ಕೊಂಡ ದಿನದಿಂದಲೇ ಓಡುತ್ತದೆ, ಹಿಂದಿರುಗಿಸುವ ಅವಧಿ ಕೆಲವೇ ದಿನ. ಪೆಟ್ಟಿಗೆ ಬಂದ ದಿನ ತೆರೆದು ಒಡಕು ಇದೆಯೇ ಎಂದು ನೋಡಿ ಮತ್ತೆ ಕಟ್ಟಿ. ಸುತ್ತುಕಾಗದ ಹರಿಯದೆ ಇಟ್ಟ ಯಂತ್ರ ಸಮಾರಂಭದ ಮಾರನೆಯ ದಿನ ಓಡದೇ ಹೋದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಮುಜುಗರ. ಬಿಲ್ಲಿನ ನಕಲು, ವಾರಂಟಿ ಕಾರ್ಡ್ ಲಕೋಟೆಯಲ್ಲಿಟ್ಟು ಜೊತೆಗೇ ಕೊಡಿ. ಬೆಲೆ ಕಾಣಬಾರದೆಂದು ಬಿಲ್ಲನ್ನು ಇಟ್ಟುಕೊಳ್ಳುವ ಸಂಕೋಚದಿಂದ ವಾರಂಟಿ ಕೈತಪ್ಪುತ್ತದೆ.

ಉಳಿದ ದುಡ್ಡಿಗೆ ಪುಡಿ

ಡ್ರಿಪ್ ಯಂತ್ರ ಕೊಂಡು ಮಿಕ್ಕ ಹಣದ ಮಾತು ಬಾಕಿ ಇತ್ತು. ಆರು ತಿಂಗಳು ಪ್ರತಿ ತಿಂಗಳೂ ಹೊಸದಾಗಿ ಹುರಿದು ಬೀಸಿದ ಪುಡಿ ಅವರ ಮನೆಗೆ ತಲುಪುವಂತೆ ಮಾಡಿ. ಯಂತ್ರಕ್ಕಿಂತ ಕಾಫಿಯ ರುಚಿ ಕೂತಿರುವುದು ಪುಡಿಯಲ್ಲಿ. ಮಾಟುಂಗಾದ ಮೈಸೂರು ಕನ್ಸರ್ನ್ಸ್‌ನಂಥ ಅಂಗಡಿಗಳಲ್ಲಿ ಹೇಳಿದ ಪ್ರಮಾಣಕ್ಕೆ ಬೀಸಿ ಕೊಡುತ್ತಾರೆ. ಡೊಂಬಿವಲಿ, ಕಲ್ಯಾಣದಿಂದ ಹೋಗುವವರು ಸ್ಲೋ ಲೋಕಲ್ ಹಿಡಿಯಬೇಕು, ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ವಾಶಿ ಕಡೆಯವರು ಕುರ್ಲಾದಲ್ಲಿ ಬದಲಿಸಿಕೊಳ್ಳಬಹುದು. ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರ ಚೀಲದಲ್ಲಿ ಪುಡಿ ತರಿಸುವ ಪದ್ಧತಿಯೂ ಇದ್ದೇ ಇದೆ.

ಕೇಳುವಾಗ ಮೂರು ಮಾತು ಸ್ಪಷ್ಟವಾಗಿರಲಿ: ಬೀಜ ಯಾವುದು, ಚಿಕೋರಿ ಎಷ್ಟು, ಬೀಸು ಯಾವುದಕ್ಕೆ. ಪ್ಲಾಂಟೇಶನ್ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ಪರಿಮಳ ಹೆಚ್ಚು. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆದ ಗುಂಡು ಬೀಜ. ರೋಬಸ್ಟಾ ಸ್ವಲ್ಪ ಬೆರೆತರೆ ಹಾಲಿನ ಕಾಫಿಗೆ ಕಸುವು ಬರುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆಂಬುದು ಕಾನೂನು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಮನೆಗೆ 80:20 ಅಥವಾ 70:30 ಹದವಾಗಿರುತ್ತದೆ. ಎಸ್ಪ್ರೆಸ್ಸೊ ಯಂತ್ರಕ್ಕೆ ಚಿಕೋರಿ ಬೇಡವೇ ಬೇಡ, ಅದು ಒದ್ದೆಯಾದಾಗ ಅಂಟಂಟಾಗಿ ಬುಟ್ಟಿಯ ತೂತು ಕಟ್ಟುತ್ತದೆ.

ಎಸ್ಪ್ರೆಸ್ಸೊ ಯಂತ್ರ ಕೊಡುತ್ತಿರುವವರು ಜೊತೆಗೆ ಬೀಜ ಕೊಡುವುದಾದರೆ ಭೌಗೋಳಿಕ ಗುರುತು ಪಡೆದ ನಮ್ಮ ಕಾಫಿಗಳನ್ನೇ ಆರಿಸಿ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಆ ಗುರುತು ಸಿಕ್ಕಿದೆ. ಕರಾವಳಿಯವರಿಗೆ ಕೊಡಲು ಮಾನ್ಸೂನ್ಡ್ ಮಲಬಾರ್ ನನಗೆ ಬಲು ಇಷ್ಟ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜವನ್ನು ಹರವಿ ಹದಗೊಳಿಸುತ್ತಾರೆ. ಬೀಜ ಉಬ್ಬಿ ಬಿಳಿಹಳದಿಯಾಗಿ ಹುಳಿ ಇಳಿದು ರುಚಿ ದಪ್ಪಗಾಗುತ್ತದೆ. ಹಾಲು ಬೆರೆಸುವ ಎಸ್ಪ್ರೆಸ್ಸೊಗೆ ಅದು ಚೆನ್ನಾಗಿ ಹೊಂದುತ್ತದೆ.

ಇಲ್ಲಿನ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪುಡಿಯನ್ನು ಕಾಲು ಕಿಲೋ, ಅರ್ಧ ಕಿಲೋ ಮಾತ್ರ ತರಿಸುವುದು ಲೇಸು. ತೆರೆದ ಪೊಟ್ಟಣ ಎರಡು ವಾರದೊಳಗೆ ಪರಿಮಳ ಕಳೆದುಕೊಂಡು ಗಂಟು ಕಟ್ಟುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ, ಒಲೆಯಿಂದ ದೂರದ ಕಪಾಟು ಸಾಕು. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದು ಒಳಗಿಡುವುದರಿಂದ ಪುಡಿಗೆ ತೇವವೂ ಒಗ್ಗರಣೆಯ ವಾಸನೆಯೂ ಹತ್ತುತ್ತದೆ.

ಕೊಡುವ ದಿನ ಯಂತ್ರವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಊಟ ಮಾಡಿ ಹೊರಡಬೇಡಿ. ಮರುದಿನವಾದರೂ ಒಬ್ಬರು ಹೋಗಿ ಜೋಡಿಸಿಕೊಡಿ. ಮೊದಲ ಎರಡು ಸಲ ಪುಡಿ ಹಾಕದೆ ಬರೀ ನೀರು ಓಡಿಸಿ ಚೆಲ್ಲಬೇಕು, ಹೊಸ ಪ್ಲಾಸ್ಟಿಕ್ಕಿನ ವಾಸನೆ ಆಗ ಹೋಗುತ್ತದೆ. ಮೂರನೆಯ ಸಲ ಕಾಫಿ ಮಾಡುವವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಮೊದಲ ಲೋಟ ತೆಳುವಾದರೆ ಮುಂದಿನ ಸಲ ಪುಡಿ ಒಂದು ಚಮಚ ಹೆಚ್ಚಿಸಿ, ಕಹಿಯಾದರೆ ನೀರು ಸ್ವಲ್ಪ ಹೆಚ್ಚಿಸಿ. ಅವರ ನಾಲಗೆಗೆ ಸರಿಬಂದ ಅಳತೆಯನ್ನು, ಇಷ್ಟು ಚಮಚ ಪುಡಿ, ಇಷ್ಟು ನೀರು, ಸರ್ವಿಸ್ ಕೇಂದ್ರದ ನಂಬರ್ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ ಬನ್ನಿ.